ಕಾರಿಗೆ ಆಂಪ್ಲಿಫೈಯರ್ ಕೊಳ್ಳುತ್ತಿದ್ದೀರಾ? ಡಬ್ಬದ ಮೇಲಿನ ವಾಟ್ ಬಿಡಿ, ಮೊದಲು ಫ್ಯೂಸ್ ನೋಡಿ

ಹಬ್ಬಕ್ಕೋ ಮದುವೆಗೋ ಪುಣೆಯಿಂದ ಬೆಳಗಾವಿಗೆ, ಹೈದರಾಬಾದ್‌ನಿಂದ ಕಲಬುರಗಿಗೆ, ಚೆನ್ನೈನಿಂದ ಬೆಂಗಳೂರಿಗೆ ಕಾರಿನಲ್ಲಿ ಹೊರಟವರಿಗೆ ದಾರಿಯುದ್ದಕ್ಕೂ ಹಾಡು ಬೇಕೇ ಬೇಕು. ಆದರೆ ಹೆದ್ದಾರಿಯಲ್ಲಿ ವೇಗ ಹೆಚ್ಚುತ್ತಿದ್ದಂತೆ ಟೈರ್ ಮತ್ತು ಗಾಳಿಯ ಸದ್ದು ಹಾಡನ್ನು ಮುಚ್ಚಿಬಿಡುತ್ತದೆ. ವಾಲ್ಯೂಮ್ ಏರಿಸಿದರೆ ಹಾಡು ಒಡೆದು ಕೇಳುತ್ತದೆ. ಆಗ ಹಲವರು ಕಾರ್ ಆಕ್ಸೆಸರಿಸ್ ಅಂಗಡಿಯ ಕಡೆ ಹೊರಡುತ್ತಾರೆ.

ಅಲ್ಲಿ ಸಾಲಾಗಿ ಜೋಡಿಸಿಟ್ಟ ಡಬ್ಬಗಳ ಮೇಲೆ 2,000 ವಾಟ್, 3,000 ವಾಟ್, 4,000 ವಾಟ್ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿರುತ್ತದೆ. ಪಕ್ಕದಲ್ಲೇ ಹೆಚ್ಚು ಬೆಲೆಯ ಇನ್ನೊಂದು ಡಬ್ಬದ ಮೇಲೆ ಬರೀ 75 ವಾಟ್ ಎಂದಿರುತ್ತದೆ. ಹೆಚ್ಚು ವಾಟ್, ಕಡಿಮೆ ಬೆಲೆ ಎಂದು ಮೊದಲನೆಯದನ್ನು ಕೊಂಡರೆ ದುಡ್ಡಷ್ಟೇ ಹೋಗುವುದಿಲ್ಲ. ಸ್ಪೀಕರ್ ಸುಡಬಹುದು, ಬೆಳಗ್ಗೆ ಕಾರು ಸ್ಟಾರ್ಟ್ ಆಗದಿರಬಹುದು. ವೈರಿಂಗ್ ಸರಿಯಿಲ್ಲದಿದ್ದರೆ ಬೆಂಕಿಯ ಅಪಾಯವೂ ಇದೆ.

ಹಾಗಾದರೆ ಸರಿಯಾದ ಆಂಪ್ಲಿಫೈಯರ್ ಆರಿಸುವುದು ಹೇಗೆ? ಸ್ಪೀಕರ್ ಏನು ಬೇಡುತ್ತದೆ ಮತ್ತು ಕಾರಿನ ಬ್ಯಾಟರಿ-ಆಲ್ಟರ್ನೇಟರ್ ಎಷ್ಟು ಕೊಡಬಲ್ಲವು ಎಂಬ ಎರಡು ಪ್ರಶ್ನೆಗಳಿಂದ ಶುರು ಮಾಡಿದರೆ ಉಳಿದದ್ದು ಸುಲಭ. ಹೈಸ್ಕೂಲಿನಲ್ಲಿ ಕಲಿತ ಗುಣಾಕಾರ, ಭಾಗಾಕಾರ ಇದ್ದರೆ ಸಾಕು. ಒಂದೊಂದಾಗಿ ನೋಡೋಣ.

ಸ್ಟೀರಿಯೋ ಮೇಲಿನ '50 ವಾಟ್ x 4' ಎಲ್ಲಿಂದ ಬಂತು?

ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಕಾರ್ ಸ್ಟೀರಿಯೋಗಳ ಮೇಲೆ '50 ವಾಟ್ x 4' ಎಂದು ಬರೆದಿರುತ್ತದೆ. ಇದು ಲೆಕ್ಕದ ಪ್ರಕಾರ ಸುಳ್ಳಲ್ಲ, ಆದರೆ ಕಿವಿಗೆ ಹಿತವಾಗಿ ಕೇಳುವ ಸಂಗೀತಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಹೆಚ್ಚೆಂದರೆ ಸುಮಾರು 14.4 ವೋಲ್ಟ್ ಸಿಗುತ್ತದೆ. ಕಾರ್ ಸ್ಪೀಕರ್‌ಗಳ ಸಾಮಾನ್ಯ ಪ್ರತಿರೋಧ 4 ಓಮ್. ವೋಲ್ಟನ್ನು ವೋಲ್ಟ್‌ನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವಾಟ್ ಬರುತ್ತದೆ. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದರೆ ಬರುವುದು 51.8. ಡಬ್ಬದ ಮೇಲಿನ '50 ವಾಟ್' ಇದೇ.

ಆದರೆ ಈ 50 ವಾಟ್ ಬರಬೇಕಾದರೆ ಹಾಡಿನ ಅಲೆಯ ತಲೆ ಪೂರ್ತಿ ಕತ್ತರಿಸಿ ಚಪ್ಪಟೆಯಾಗಿರಬೇಕು. ಅಂದರೆ ಹಾಡು ಸಂಪೂರ್ಣ ಒಡೆದಿರಬೇಕು. ಒಡೆಯದ ಶುದ್ಧ ಅಲೆಗೆ ಇದರ ಅರ್ಧ, ಅಂದರೆ ಸುಮಾರು 26 ವಾಟ್ ಮಾತ್ರ ಸಾಧ್ಯ. ಸ್ಟೀರಿಯೋದೊಳಗಿನ ಚಿಪ್‌ನಲ್ಲಿ ಆಗುವ ನಷ್ಟ ಕಳೆದರೆ ಪ್ರತಿ ಸ್ಪೀಕರ್‌ಗೆ ಸಿಗುವುದು 15ರಿಂದ 20 ವಾಟ್ ಅಷ್ಟೇ. ಹೆದ್ದಾರಿಯಲ್ಲಿ ವಾಲ್ಯೂಮ್ ಏರಿಸಿದಾಗ ಹಾಡು ಒಡೆಯಲು ಕಾರಣ ಇದೇ.

ಆಂಪ್ಲಿಫೈಯರ್ ಈ ಮಿತಿಯನ್ನು ದಾಟುವುದು ಹೇಗೆ? ಅದರೊಳಗೆ ವೋಲ್ಟೇಜ್ ಏರಿಸುವ ಪ್ರತ್ಯೇಕ ಪವರ್ ಸಪ್ಲೈ ಇರುತ್ತದೆ. 4 ಓಮ್ ಸ್ಪೀಕರ್‌ಗೆ ಶುದ್ಧವಾದ 75 ವಾಟ್ ಕೊಡಲು ಅಲೆಯ ತುದಿಯಲ್ಲಿ ಸುಮಾರು 24.5 ವೋಲ್ಟ್ ಬೇಕು. ಬ್ಯಾಟರಿಯಿಂದ ನೇರವಾಗಿ ಅಷ್ಟು ಸಿಗದು. ಹಾಗಾಗಿ ಒಳ್ಳೆಯ ಆಂಪ್ಲಿಫೈಯರ್‌ಗೆ ಕೊಡುವ ದುಡ್ಡಿನ ದೊಡ್ಡ ಪಾಲು ಹೋಗುವುದು ಈ ಪವರ್ ಸಪ್ಲೈಗೆ. ಅಗ್ಗದ ಆಂಪ್ಲಿಫೈಯರ್‌ನಲ್ಲಿ ಮೊದಲು ಖರ್ಚು ಉಳಿಸುವುದೂ ಇಲ್ಲೇ.

ಡಬ್ಬದ ಮೇಲಿನ ಯಾವ ಸಂಖ್ಯೆ ನಂಬಬೇಕು?

'ಮ್ಯಾಕ್ಸ್', 'ಪೀಕ್', 'ಪಿಎಂಪಿಒ' ಎಂದು ಬರೆದಿರುವ ಯಾವ ಸಂಖ್ಯೆಗೂ ಬೆಲೆ ಕೊಡಬೇಕಿಲ್ಲ. ನೋಡಬೇಕಾದ್ದು 'ಆರ್‌ಎಂಎಸ್' ಎಂಬ ಪದ. ನಿರಂತರವಾಗಿ ಎಷ್ಟು ವಾಟ್ ಕೊಡಬಲ್ಲದು ಎಂಬುದನ್ನು ಇದು ಹೇಳುತ್ತದೆ. ಅದರ ಜೊತೆಗೆ ಇನ್ನೂ ಮೂರು ವಿವರ ಇರಬೇಕು: ಎಷ್ಟು ಓಮ್‌ಗೆ, ಎಷ್ಟು ವೋಲ್ಟ್‌ನಲ್ಲಿ, ಎಷ್ಟು ಶೇಕಡಾ ವಿರೂಪದೊಂದಿಗೆ. '75 ವಾಟ್ ಆರ್‌ಎಂಎಸ್, 4 ಓಮ್, 14.4 ವೋಲ್ಟ್, ಶೇ 1ಕ್ಕಿಂತ ಕಡಿಮೆ ವಿರೂಪ' ಎಂದಿದ್ದರೆ ಅದು ಪೂರ್ತಿ ಮಾಹಿತಿ. ವಿರೂಪ ಶೇ 10 ಎಂದಿದ್ದರೆ ಹಾಡು ಚೆನ್ನಾಗಿಯೇ ಒಡೆದ ಮೇಲೆ ಅಳೆದ ಸಂಖ್ಯೆ ಅದು.

ಈ ಗೊಂದಲ ತಪ್ಪಿಸಲೆಂದೇ ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘಟನೆ 2003ರಲ್ಲಿ ಒಂದು ಮಾನದಂಡ ತಂದಿತು. ಆಗ ಅದರ ಹೆಸರು ಸಿಇಎ-2006, ಈಗ ಸಿಟಿಎ-2006. 14.4 ವೋಲ್ಟ್, 4 ಓಮ್, ಗರಿಷ್ಠ ಶೇ 1 ವಿರೂಪ ಎಂಬ ಒಂದೇ ಅಳತೆಗೋಲಿನಲ್ಲಿ ಅಳೆದ ವಾಟ್‌ಗೆ ಈ ಮುದ್ರೆ ಸಿಗುತ್ತದೆ. ಇದು ಕಡ್ಡಾಯವೇನಲ್ಲ. ಹಾಗಾಗಿ ಮುದ್ರೆ ಇಲ್ಲದ ಮಾತ್ರಕ್ಕೆ ಆಂಪ್ಲಿಫೈಯರ್ ಕೆಟ್ಟದ್ದು ಎಂದಲ್ಲ. ಆದರೆ ಮುದ್ರೆ ಇದ್ದರೆ ಎರಡು ಬ್ರ್ಯಾಂಡ್‌ಗಳನ್ನು ಧೈರ್ಯವಾಗಿ ಹೋಲಿಸಬಹುದು.

ಅಂಗಡಿಯಲ್ಲೇ ಮಾಡಬಹುದಾದ ಫ್ಯೂಸ್ ಪರೀಕ್ಷೆ

ಡಬ್ಬದಲ್ಲಿ ಆರ್‌ಎಂಎಸ್ ಎಂದು ಬರೆದಿದ್ದರೂ ಅನುಮಾನವೇ? ಆಂಪ್ಲಿಫೈಯರ್ ತಿರುಗಿಸಿ ವೈರ್ ಸೇರಿಸುವ ಜಾಗದ ಪಕ್ಕ ನೋಡಿ. ಅಲ್ಲಿ ಬಣ್ಣದ ಚಿಕ್ಕ ಪ್ಲಾಸ್ಟಿಕ್ ಫ್ಯೂಸ್ ಇರುತ್ತದೆ. ಅದರ ಮೇಲೆ 25, 30, 40 ಎಂದು ಆಂಪಿಯರ್ ಬರೆದಿರುತ್ತದೆ. ಎರಡು ಫ್ಯೂಸ್ ಇದ್ದರೆ ಕೂಡಿಸಿಕೊಳ್ಳಿ.

ಒಂದೇ ಒಂದು 30 ಆಂಪಿಯರ್ ಫ್ಯೂಸ್ ಇದೆ ಎಂದುಕೊಳ್ಳಿ. 30ನ್ನು 14.4ರಿಂದ ಗುಣಿಸಿದರೆ 432. ಅಂದರೆ ಬ್ಯಾಟರಿಯಿಂದ ಒಳಗೆ ಹೋಗಬಹುದಾದದ್ದೇ 432 ವಾಟ್. ಒಳಗೆ ಹೋದದ್ದೆಲ್ಲ ಹೊರಗೆ ಬರುವುದಿಲ್ಲ, ಒಂದಷ್ಟು ಶಾಖವಾಗಿ ಹೋಗುತ್ತದೆ. 'ಕ್ಲಾಸ್ ಡಿ' ಮಾದರಿಯಲ್ಲಿ ಸುಮಾರು ಶೇ 80ರಷ್ಟು ಸ್ಪೀಕರ್‌ಗೆ ತಲುಪುತ್ತದೆ, ಹಳೆಯ 'ಕ್ಲಾಸ್ ಎಬಿ' ಮಾದರಿಯಲ್ಲಿ ಸುಮಾರು ಶೇ 60. ಹಾಗಾಗಿ ಈ ಆಂಪ್ಲಿಫೈಯರ್ ನಿರಂತರವಾಗಿ ಕೊಡಬಲ್ಲದ್ದು ಎಲ್ಲ ಚಾನೆಲ್ ಸೇರಿ ಕ್ಲಾಸ್ ಡಿ ಆದರೆ 345 ವಾಟ್, ಕ್ಲಾಸ್ ಎಬಿ ಆದರೆ 260 ವಾಟ್. ಡಬ್ಬದ ಮೇಲೆ 3,000 ವಾಟ್ ಎಂದು ಬರೆದಿದ್ದರೂ ಅಷ್ಟೇ.

ಕ್ಷಣಮಾತ್ರದ ಹೊಡೆತಕ್ಕೆ ಫ್ಯೂಸ್ ಹಾರುವುದಿಲ್ಲ ಎಂಬುದು ನಿಜ. ಆದರೆ ನಿರಂತರ ಹರಿವಿಗೆ ಅದೇ ಬಾಗಿಲು. ಇನ್ನೊಂದು ಎಚ್ಚರಿಕೆ ಎಂದರೆ ಈ ಪರೀಕ್ಷೆ ಹೇಳುವುದು ಗರಿಷ್ಠ ಮಿತಿಯನ್ನು ಮಾತ್ರ. ದೊಡ್ಡ ಫ್ಯೂಸ್ ಹಾಕಿದ ಮಾತ್ರಕ್ಕೆ ಅಷ್ಟು ವಾಟ್ ಬಂದೇ ಬರುತ್ತದೆ ಎಂದಲ್ಲ. ಸುಳ್ಳನ್ನು ಹಿಡಿಯಲು ಇದು ಸಾಕು, ಸತ್ಯವನ್ನು ಸಾಬೀತು ಮಾಡಲು ಸಾಲದು. ಕೆಲವು ದೊಡ್ಡ ಆಂಪ್ಲಿಫೈಯರ್‌ಗಳಲ್ಲಿ ಫ್ಯೂಸ್ ಇರುವುದಿಲ್ಲ. ಅಂಥವುಗಳ ಮ್ಯಾನ್ಯುಯಲ್‌ನಲ್ಲಿ ಎಷ್ಟರ ಫ್ಯೂಸ್ ಹಾಕಬೇಕು ಎಂದು ಬರೆದಿರುತ್ತದೆ.

ಎಷ್ಟು ಚಾನೆಲ್ ಬೇಕು?

ಚಾನೆಲ್ ಎಂದರೆ ಒಂದು ಸ್ಪೀಕರ್‌ಗೆ ಹೋಗುವ ಒಂದು ಪ್ರತ್ಯೇಕ ದಾರಿ. ಒಂದೇ ಚಾನೆಲ್ ಇರುವ 'ಮೋನೊ' ಆಂಪ್ಲಿಫೈಯರ್ ಸಬ್‌ವೂಫರ್‌ಗೆಂದೇ ಇರುವುದು. ಅದರಿಂದ ಡೋರ್ ಸ್ಪೀಕರ್ ನಡೆಸಲು ಆಗುವುದಿಲ್ಲ.

4 ಚಾನೆಲ್: ಹೆಚ್ಚಿನವರಿಗೆ ಹೊಂದುವುದು ಇದೇ. ಎರಡು ರೀತಿಯಲ್ಲಿ ಬಳಸಬಹುದು. ಒಂದು, ನಾಲ್ಕೂ ಡೋರ್ ಸ್ಪೀಕರ್‌ಗೆ ಒಂದೊಂದು ಚಾನೆಲ್. ಇನ್ನೊಂದು, ಮುಂದಿನ ಎರಡು ಸ್ಪೀಕರ್‌ಗೆ ಎರಡು ಚಾನೆಲ್ ಕೊಟ್ಟು, ಉಳಿದ ಎರಡನ್ನು 'ಬ್ರಿಡ್ಜ್' ಮಾಡಿ, ಅಂದರೆ ಒಂದುಗೂಡಿಸಿ ಸಬ್‌ವೂಫರ್‌ಗೆ ಕೊಡುವುದು. ಹಿಂದಿನ ಸ್ಪೀಕರ್‌ಗಳು ಸ್ಟೀರಿಯೋದಿಂದಲೇ ನಡೆಯುತ್ತವೆ. ಕಾರಿನಲ್ಲಿ ಹೆಚ್ಚಾಗಿ ಮುಂದಿನ ಸೀಟಿನಲ್ಲೇ ಇಬ್ಬರು ಕೂರುವುದಾದರೆ ಎರಡನೆಯ ರೀತಿ ಹಾಕಿದ ದುಡ್ಡಿಗೆ ಹೆಚ್ಚು ಫಲ ಕೊಡುತ್ತದೆ.

5 ಚಾನೆಲ್: ನಾಲ್ಕು ಡೋರ್ ಸ್ಪೀಕರ್ ಮತ್ತು ಒಂದು ಸಬ್‌ವೂಫರ್, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಐದನೇ ಚಾನೆಲ್ ಉಳಿದವುಗಳಿಗಿಂತ ದೊಡ್ಡದಿರುತ್ತದೆ. ಎರಡು ಆಂಪ್ಲಿಫೈಯರ್ ಹಾಕುವುದಕ್ಕಿಂತ ವೈರಿಂಗ್ ಕಡಿಮೆ, ಜಾಗವೂ ಕಡಿಮೆ. ಕುಟುಂಬದ ಕಾರಿಗೆ ಅನುಕೂಲ.

6 ಅಥವಾ 8 ಚಾನೆಲ್: ಟ್ವೀಟರ್‌ಗೆ ಒಂದು, ಮಿಡ್ ಸ್ಪೀಕರ್‌ಗೆ ಒಂದು ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಚಾನೆಲ್ ಕೊಟ್ಟು 'ಆ್ಯಕ್ಟಿವ್' ವ್ಯವಸ್ಥೆ ಮಾಡುವವರಿಗೆ. ಇಂಥ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚಾಗಿ ಡಿಎಸ್‌ಪಿ, ಅಂದರೆ ಪ್ರತಿ ಸ್ಪೀಕರ್‌ನ ಸದ್ದನ್ನು ಕಂಪ್ಯೂಟರ್ ಮೂಲಕ ಹೊಂದಿಸುವ ಚಿಪ್ ಇರುತ್ತದೆ. ಹೊಂದಿಸಲು ಬಲ್ಲ ಕೈ ಇಲ್ಲದಿದ್ದರೆ ಇದಕ್ಕೆ ಹಾಕಿದ ದುಡ್ಡು ದಂಡ.

ಹೆಚ್ಚು ಮಂದಿ ಎಡವುವುದು ಓಮ್ ಲೆಕ್ಕದಲ್ಲಿ

ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರ್‌ನಿಂದ ಹೆಚ್ಚು ಕರೆಂಟ್ ಹರಿಯುತ್ತದೆ. ವಾಟ್ ಹೆಚ್ಚುತ್ತದೆ, ಬಿಸಿಯೂ ಹೆಚ್ಚುತ್ತದೆ. ಒಂದು ಮಿತಿ ದಾಟಿದರೆ ಆಂಪ್ಲಿಫೈಯರ್ ತಾನಾಗಿ ಆಫ್ ಆಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ.

ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ. ಎರಡು ಚಾನೆಲ್ ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೂ ಸ್ಪೀಕರ್‌ನ ಓಮ್ ಅರ್ಧದಷ್ಟೇ ಕಾಣುತ್ತದೆ. 4 ಓಮ್ ಸಬ್‌ವೂಫರ್ ಬ್ರಿಡ್ಜ್‌ನಲ್ಲಿ ಹಾಕಿದರೆ ಆಂಪ್ಲಿಫೈಯರ್ ಪಾಲಿಗೆ ಅದು 2 ಓಮ್ ಇದ್ದಂತೆ. 4 ಚಾನೆಲ್ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚಿನವು ತಡೆಯುವುದು ಅಷ್ಟನ್ನೇ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ 'ಬ್ರಿಡ್ಜ್‌ಗೆ ಕನಿಷ್ಠ 4 ಓಮ್' ಎಂದು ಬರೆದಿರುತ್ತಾರೆ.

ಈಗ ಸಬ್‌ವೂಫರ್ ಕಡೆ ಬನ್ನಿ. ಅನೇಕ ಸಬ್‌ವೂಫರ್‌ಗಳಲ್ಲಿ ಎರಡು ಕಾಯಿಲ್ ಇರುತ್ತವೆ. ಎರಡೂ 4 ಓಮ್ ಆಗಿದ್ದರೆ ಪ್ಯಾರಲಲ್‌ನಲ್ಲಿ ಜೋಡಿಸಿದಾಗ 2 ಓಮ್, ಸೀರೀಸ್‌ನಲ್ಲಿ ಜೋಡಿಸಿದಾಗ 8 ಓಮ್ ಆಗುತ್ತದೆ. ಎಷ್ಟೇ ತಿಪ್ಪರಲಾಗ ಹಾಕಿದರೂ 4 ಓಮ್ ಬರುವುದಿಲ್ಲ. 4 ಚಾನೆಲ್ ಆಂಪ್ಲಿಫೈಯರ್‌ನಲ್ಲಿ ಬ್ರಿಡ್ಜ್ ಮಾಡಲು 2 ಓಮ್ ಅಪಾಯ, 8 ಓಮ್‌ಗೆ ವಾಟ್ ಸಾಲದು. ಎರಡು ಕಾಯಿಲ್‌ಗಳೂ 2 ಓಮ್ ಇರುವ ಸಬ್‌ವೂಫರ್ ಆದರೆ ಸೀರೀಸ್‌ನಲ್ಲಿ ಸರಿಯಾಗಿ 4 ಓಮ್ ಸಿಗುತ್ತದೆ. ಒಂದೇ ಕಾಯಿಲ್ ಇರುವ 4 ಓಮ್ ಸಬ್‌ವೂಫರ್ ಕೂಡ ನಡೆಯುತ್ತದೆ.

5 ಚಾನೆಲ್ ಆಂಪ್ಲಿಫೈಯರ್ ಆದರೆ ಪರಿಸ್ಥಿತಿ ಬೇರೆ. ಹಲವು ಮಾದರಿಗಳಲ್ಲಿ ಐದನೇ ಚಾನೆಲ್ 2 ಓಮ್ ತಡೆಯುತ್ತದೆ. ಅಲ್ಲಿಗೆ ಎರಡು 4 ಓಮ್ ಕಾಯಿಲ್‌ಗಳ ಸಬ್‌ವೂಫರ್ ಪ್ಯಾರಲಲ್‌ನಲ್ಲಿ ಹೊಂದುತ್ತದೆ. ಹಾಗಾಗಿ ಸಬ್‌ವೂಫರ್ ಒಂದು ದಿನ, ಆಂಪ್ಲಿಫೈಯರ್ ಇನ್ನೊಂದು ದಿನ ಎಂದು ಕೊಳ್ಳುವವರು ಎರಡರ ಓಮನ್ನೂ ಮೊದಲೇ ಹೊಂದಿಸಿಕೊಳ್ಳಬೇಕು.

ಎಷ್ಟು ವಾಟ್ ಸಾಕು?

ಸ್ಪೀಕರ್ ಮೇಲೆ ಬರೆದಿರುವ ಆರ್‌ಎಂಎಸ್ ವಾಟ್‌ನ ಮುಕ್ಕಾಲು ಭಾಗದಿಂದ ಕಾಲು ಭಾಗ ಹೆಚ್ಚಿನವರೆಗೆ ಆಂಪ್ಲಿಫೈಯರ್ ಇದ್ದರೆ ಚೆನ್ನ. 60 ವಾಟ್ ಆರ್‌ಎಂಎಸ್ ಸ್ಪೀಕರ್‌ಗೆ 45ರಿಂದ 75 ವಾಟ್.

50 ವಾಟ್ ಮತ್ತು 75 ವಾಟ್ ನಡುವೆ ಕಿವಿಗೆ ತಿಳಿಯುವ ವ್ಯತ್ಯಾಸ ಬಹಳ ಕಡಿಮೆ, 2 ಡೆಸಿಬೆಲ್‌ಗೂ ಒಳಗೆ. ವಾಟ್ ಎರಡು ಪಟ್ಟಾದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಸದ್ದು ಕಿವಿಗೆ ಎರಡು ಪಟ್ಟು ಎನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 75ರ ಬದಲು 90 ವಾಟ್ ಎಂದು ಹೆಚ್ಚು ದುಡ್ಡು ಕೊಡುವ ಬದಲು ಸ್ಪೀಕರ್‌ನ 'ಸೆನ್ಸಿಟಿವಿಟಿ' ನೋಡುವುದು ಲೇಸು. 87 ಡೆಸಿಬೆಲ್ ಸ್ಪೀಕರ್ 100 ವಾಟ್‌ನಲ್ಲಿ ಮಾಡುವ ಸದ್ದನ್ನು 90 ಡೆಸಿಬೆಲ್ ಸ್ಪೀಕರ್ 50 ವಾಟ್‌ನಲ್ಲೇ ಮಾಡುತ್ತದೆ.

ಕಾರು ಎಷ್ಟು ಕೊಡಬಲ್ಲದು? ಒಂದು ಲೆಕ್ಕ

ಚಿಕ್ಕ ಹ್ಯಾಚ್‌ಬ್ಯಾಕ್ ಕಾರಿಗೆ 5 ಚಾನೆಲ್ ಆಂಪ್ಲಿಫೈಯರ್ ಹಾಕಿಸುವುದಿದೆ ಎಂದುಕೊಳ್ಳಿ. ನಾಲ್ಕು ಸ್ಪೀಕರ್‌ಗೆ ತಲಾ 60 ವಾಟ್, ಸಬ್‌ವೂಫರ್‌ಗೆ 300 ವಾಟ್. ಒಟ್ಟು 540 ವಾಟ್ ಆರ್‌ಎಂಎಸ್. ಕ್ಲಾಸ್ ಡಿ ಆದ್ದರಿಂದ 0.8ರಿಂದ ಭಾಗಿಸಿದರೆ ಬ್ಯಾಟರಿ ಕಡೆಯಿಂದ ಬೇಕಾಗುವುದು 675 ವಾಟ್. ಅದನ್ನು ಕಾರಿನ 13.8 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 49 ಆಂಪಿಯರ್.

ಇದು ಎಲ್ಲ ಸ್ಪೀಕರ್‌ಗಳೂ ಒಟ್ಟಿಗೆ ಪೂರ್ತಿ ಶಕ್ತಿಯಲ್ಲಿ ದುಡಿದಾಗಿನ ಲೆಕ್ಕ. ಹಾಡಿನಲ್ಲಿ ಏರಿಳಿತ ಇರುವುದರಿಂದ ಜೋರಾಗಿ ಕೇಳಿದರೂ ಸರಾಸರಿ ಬಳಕೆ ಇದರ ಮೂರನೇ ಒಂದು ಭಾಗ, ಅಂದರೆ 16 ಆಂಪಿಯರ್ ಆಸುಪಾಸು. ಆದರೆ ವೈರ್ ಮತ್ತು ಫ್ಯೂಸ್ ಆರಿಸುವಾಗ ಪೂರ್ತಿ 49 ಆಂಪಿಯರನ್ನೇ ಹಿಡಿಯಬೇಕು.

ಆಲ್ಟರ್ನೇಟರ್‌ಗೆ ಹಾಡಿನ ಕೆಲಸ ಮಾತ್ರ ಇರುವುದಿಲ್ಲ. ಹೆಡ್‌ಲೈಟ್, ಎಸಿ ಬ್ಲೋವರ್, ವೈಪರ್, ರೇಡಿಯೇಟರ್ ಫ್ಯಾನ್ ಎಲ್ಲವೂ ಅದರಿಂದಲೇ ನಡೆಯಬೇಕು. ಮುಂಬೈ ಮಳೆಯಲ್ಲಿ ರಾತ್ರಿ ಹೊತ್ತು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಇವೆಲ್ಲ ಒಟ್ಟಿಗೆ ಓಡುತ್ತಿರುತ್ತವೆ, ಎಂಜಿನ್ ಮಾತ್ರ ನಿಧಾನವಾಗಿ ತಿರುಗುತ್ತಿರುತ್ತದೆ. ಆಗ ಆಲ್ಟರ್ನೇಟರ್ ಕೊಡುವುದೂ ಕಡಿಮೆ. ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾದರೆ ಅದು ಎಚ್ಚರಿಕೆಯ ಗಂಟೆ. ನಿಮ್ಮ ಕಾರಿನ ಆಲ್ಟರ್ನೇಟರ್ ಎಷ್ಟು ಆಂಪಿಯರ್ ಎಂಬುದನ್ನು ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ.

ಎಂಜಿನ್ ಆಫ್ ಮಾಡಿ ಹಾಡು ಕೇಳುವ ಅಭ್ಯಾಸ ಇದ್ದರೆ ಇನ್ನಷ್ಟು ಜಾಗ್ರತೆ ಬೇಕು. ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು 35 ಆಂಪಿಯರ್-ಅವರ್ ಬ್ಯಾಟರಿ. 15 ಆಂಪಿಯರ್ ಎಳೆದರೆ ಕಾಗದದ ಮೇಲೆ ಎರಡು ಗಂಟೆ ಬರುತ್ತದೆ. ಆದರೆ ಸ್ಟಾರ್ಟರ್ ತಿರುಗಿಸಲು ಬೇಕಾದಷ್ಟು ಉಳಿಯಬೇಕಲ್ಲ? ಬ್ಯಾಟರಿ ಹಳೆಯದಾಗಿದ್ದರೆ ಒಂದು ಗಂಟೆಯಲ್ಲೇ ಕಾರು ತಳ್ಳುವ ಸ್ಥಿತಿ ಬರಬಹುದು.

'ಕೆಪಾಸಿಟರ್ ಹಾಕಿಸಿ, ಎಲ್ಲ ಸರಿಹೋಗುತ್ತದೆ' ಎಂಬ ಸಲಹೆ ಅಂಗಡಿಯಲ್ಲಿ ಸಿಗಬಹುದು. 1 ಫ್ಯಾರಡ್ ಕೆಪಾಸಿಟರ್ 14 ವೋಲ್ಟ್‌ನಿಂದ 12 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಕೊಡುವುದು 26 ಜೂಲ್ ಶಕ್ತಿ. ಮೇಲಿನ 675 ವಾಟ್ ಬಳಕೆಗೆ ಅದು ಒಂದು ಸೆಕೆಂಡಿನ 25ನೇ ಒಂದು ಭಾಗದಷ್ಟು ಹೊತ್ತು ಸಾಕು. ಕೆಪಾಸಿಟರ್ ಹೊಸದಾಗಿ ವಿದ್ಯುತ್ ಉತ್ಪಾದಿಸುವುದಿಲ್ಲ. ಆ ದುಡ್ಡನ್ನು ಒಳ್ಳೆಯ ವೈರ್‌ಗೋ ಹೊಸ ಬ್ಯಾಟರಿಗೋ ಹಾಕುವುದು ಉತ್ತಮ.

ಕಂಪನಿ ಸ್ಟೀರಿಯೋ ಬದಲಿಸಲೇಬೇಕೇ?

ಬೇಕಿಲ್ಲ. ಈಗಿನ ಕಾರುಗಳಲ್ಲಿ ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಸ್ಟೀರಿಂಗ್ ಬಟನ್ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸ್ಟೀರಿಯೋದಲ್ಲಿ ಆರ್‌ಸಿಎ ಔಟ್‌ಪುಟ್ ಇಲ್ಲದಿದ್ದರೆ 'ಹೈ ಲೆವೆಲ್ ಇನ್‌ಪುಟ್' ಇರುವ ಆಂಪ್ಲಿಫೈಯರ್ ಆರಿಸಿ. ಇದು ಸ್ಪೀಕರ್ ವೈರ್‌ನಿಂದಲೇ ಸಿಗ್ನಲ್ ತೆಗೆದುಕೊಳ್ಳುತ್ತದೆ. ಹಾಡು ಶುರುವಾದ ಕೂಡಲೇ ತಾನಾಗಿ ಆನ್ ಆಗುವ ಸೌಲಭ್ಯ ಇದ್ದರೆ ಇನ್ನೂ ಅನುಕೂಲ.

ಸೋನಿ, ಬೋಸ್, ಹರ್ಮನ್ ಹೆಸರಿನ ಕಂಪನಿ ಮ್ಯೂಸಿಕ್ ಸಿಸ್ಟಮ್ ಜೊತೆಗೇ ಬಂದ ಕಾರುಗಳ ವಿಚಾರ ಬೇರೆ. ಅಂಥವುಗಳಲ್ಲಿ ಆಗಲೇ ಒಂದು ಆಂಪ್ಲಿಫೈಯರ್ ಇರಬಹುದು. ಸ್ಪೀಕರ್‌ಗಳ ಓಮ್ 4ಕ್ಕಿಂತ ಕಡಿಮೆ ಇರಬಹುದು, ಪ್ರತಿ ಸ್ಪೀಕರ್‌ಗೂ ಬೇರೆ ಬೇರೆ ರೀತಿಯಲ್ಲಿ ಹೊಂದಿಸಿದ ಸಿಗ್ನಲ್ ಹೋಗುತ್ತಿರಬಹುದು. ಇಲ್ಲಿ ಸಾಮಾನ್ಯ 4 ಚಾನೆಲ್ ಆಂಪ್ಲಿಫೈಯರ್ ಸೇರಿಸಿದರೆ ಮೊದಲಿಗಿಂತ ಕೆಟ್ಟದಾಗಿ ಕೇಳುವ ಸಾಧ್ಯತೆಯೇ ಹೆಚ್ಚು.

ವೈರಿಂಗ್‌ನಲ್ಲಿ ರಾಜಿ ಬೇಡ

ಆಂಪ್ಲಿಫೈಯರ್‌ಗೆ ಸಾವಿರಾರು ರೂಪಾಯಿ ಕೊಟ್ಟು ವೈರ್‌ನಲ್ಲಿ ಉಳಿಸುವವರೇ ಹೆಚ್ಚು. ಬೆಂಕಿಯ ಅಪಾಯ ಇರುವುದು ಇಲ್ಲೇ.

* ಮುಖ್ಯ ಫ್ಯೂಸ್: ಪವರ್ ವೈರ್ ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿಯಿಂದ ಸುಮಾರು 45 ಸೆಂ.ಮೀ. ಒಳಗೆ ಫ್ಯೂಸ್ ಇರಲೇಬೇಕು. ಈ ಫ್ಯೂಸ್ ಕಾಯುವುದು ವೈರನ್ನು. ವೈರ್ ಎಲ್ಲೋ ತರಚಿ ಬಾಡಿಗೆ ತಾಗಿದರೆ, ಫ್ಯೂಸ್ ಇಲ್ಲದಿದ್ದಲ್ಲಿ ಬ್ಯಾಟರಿಯ ಪೂರ್ತಿ ಕರೆಂಟ್ ಅದರಲ್ಲಿ ಹರಿದು ಹೊತ್ತಿಕೊಳ್ಳಬಹುದು. ಆಂಪ್ಲಿಫೈಯರ್ ಮೇಲಿನ ಫ್ಯೂಸ್ ಇದನ್ನು ತಡೆಯದು.
* ವೈರ್ ದಪ್ಪ: ಮೇಲಿನ 49 ಆಂಪಿಯರ್ ಉದಾಹರಣೆಗೆ, ಬ್ಯಾಟರಿಯಿಂದ ಡಿಕ್ಕಿಯವರೆಗೆ ಸುಮಾರು 5 ಮೀಟರ್ ದೂರಕ್ಕೆ 4 ಗೇಜ್ ತಾಮ್ರದ ವೈರ್ ಮತ್ತು 60 ಆಂಪಿಯರ್ ಫ್ಯೂಸ್ ಸೂಕ್ತ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ ಎಂಬುದು ನೆನಪಿರಲಿ.
* ತಾಮ್ರವೋ, ಲೇಪನವೋ: 'ಸಿಸಿಎ' ಎಂದು ಬರೆದಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ನೋಡಲು ದಪ್ಪ, ಕರೆಂಟ್ ಸಾಗಿಸುವುದು ತಾಮ್ರಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. 'ಒಎಫ್‌ಸಿ' ಎಂದಿದ್ದರೆ ಶುದ್ಧ ತಾಮ್ರ.
* ಅರ್ಥ್: ಅರ್ಥ್ ವೈರ್ ಪವರ್ ವೈರ್‌ನಷ್ಟೇ ದಪ್ಪ ಇರಬೇಕು, ಚಿಕ್ಕದಾಗಿರಬೇಕು. ಬಾಡಿಯ ಪೇಂಟ್ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರ್‌ನಲ್ಲಿ 'ಕುಂಯ್' ಎಂಬ ಸದ್ದು ಏರಿದರೆ ಮೊದಲು ಅನುಮಾನಿಸಬೇಕಾದ್ದು ಅರ್ಥನ್ನೇ.
* ದಾರಿ: ಪವರ್ ವೈರ್ ಒಂದು ಬದಿಯಲ್ಲಿ, ಸಿಗ್ನಲ್ ವೈರ್ ಇನ್ನೊಂದು ಬದಿಯಲ್ಲಿ ಹೋಗಲಿ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರಾಮೆಟ್ ಇರಲಿ.

ಆಂಪ್ಲಿಫೈಯರ್ ಎಲ್ಲಿ ಕೂರಿಸಬೇಕು?

ಸೀಟಿನ ಕೆಳಗೆ ಕೂರಿಸುವುದು ಸುಲಭ. ಆದರೆ ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಲ್ಲುವ ಮುಂಬೈ, ಚೆನ್ನೈಯಂಥ ನಗರಗಳಲ್ಲಿ ಕಾರಿನೊಳಗೆ ನೀರು ಬಂದರೆ ಮೊದಲು ಮುಳುಗುವುದು ಆ ಜಾಗವೇ. ಅಂಥ ಕಡೆ ಸ್ವಲ್ಪ ಎತ್ತರದಲ್ಲಿ ಕೂರಿಸುವುದು ಒಳ್ಳೆಯದು. ಮುಂದಿನ ಸೀಟುಗಳ ಕೆಳಗೆ ಹಳದಿ ಬಣ್ಣದ ಕನೆಕ್ಟರ್‌ಗಳು ಇರಬಹುದು. ಅವು ಏರ್‌ಬ್ಯಾಗ್, ಸೀಟ್‌ಬೆಲ್ಟ್‌ಗೆ ಸೇರಿದವು. ಅವನ್ನು ಮುಟ್ಟುವಂತಿಲ್ಲ.

ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಒಳಗೆ ಆಂಪ್ಲಿಫೈಯರ್ ಬೇಗ ಬಿಸಿಯಾಗುತ್ತದೆ. ಸುತ್ತ ಗಾಳಿ ಆಡಲು ಜಾಗ ಬಿಡಬೇಕು, ಕಾರ್ಪೆಟ್ ಮುಚ್ಚಬಾರದು. ಕ್ಲಾಸ್ ಡಿ ಮಾದರಿ ಕಡಿಮೆ ಬಿಸಿಯಾಗುವುದರಿಂದ ನಮ್ಮ ಹವೆಗೆ ಅದೇ ಹೊಂದುತ್ತದೆ. ಸಿಎನ್‌ಜಿ ಕಾರುಗಳಲ್ಲಿ ಡಿಕ್ಕಿಯ ಬಹುಪಾಲನ್ನು ಸಿಲಿಂಡರ್ ಹಿಡಿದಿರುತ್ತದೆ. ಅದರ ಬ್ರಾಕೆಟ್‌ಗೆ ಅರ್ಥ್ ಕೊಡುವುದಾಗಲಿ, ಗ್ಯಾಸ್ ಪೈಪ್ ಪಕ್ಕ ಪವರ್ ವೈರ್ ಎಳೆಯುವುದಾಗಲಿ ಕೂಡದು.

'ಗೇನ್' ಎಂಬುದು ವಾಲ್ಯೂಮ್ ಅಲ್ಲ

ಆಂಪ್ಲಿಫೈಯರ್ ಮೇಲಿನ 'ಗೇನ್' ತಿರುಪನ್ನು ಪೂರ್ತಿ ತಿರುಗಿಸಿದರೆ ವಾಟ್ ಹೆಚ್ಚುವುದಿಲ್ಲ, ಹಾಡು ಬೇಗ ಒಡೆಯುತ್ತದೆ ಅಷ್ಟೇ. ಒಡೆದ ಹಾಡಿನಿಂದ ಸ್ಪೀಕರ್ ಕಾಯಿಲ್ ಬಿಸಿಯಾಗಿ, ಮೊದಲು ಟ್ವೀಟರ್ ಸುಡುತ್ತದೆ.

ಸರಿಯಾಗಿ ಹೊಂದಿಸಲು ಒಂದು ಮಲ್ಟಿಮೀಟರ್ ಸಾಕು. ಸ್ಪೀಕರ್ ವೈರ್ ಬಿಚ್ಚಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಈಕ್ವಲೈಜರ್ ಸೊನ್ನೆ ಮಾಡಿ ಪರೀಕ್ಷಾ ಟೋನ್ ಹಾಕಬೇಕು. ಡೋರ್ ಸ್ಪೀಕರ್ ಚಾನೆಲ್‌ಗೆ 1,000 ಹರ್ಟ್ಜ್, ಸಬ್‌ವೂಫರ್‌ಗೆ 50 ಹರ್ಟ್ಜ್. ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬರಬೇಕಾದ ಎಸಿ ವೋಲ್ಟ್ ತಿಳಿಯುತ್ತದೆ. 60 ವಾಟ್, 4 ಓಮ್ ಆದರೆ 15.5 ವೋಲ್ಟ್. ಮೀಟರ್ ಅಷ್ಟು ತೋರಿಸುವವರೆಗೆ ಗೇನ್ ತಿರುಗಿಸಿ ನಿಲ್ಲಿಸಿದರೆ ಮುಗಿಯಿತು. ನಂತರ ಡೋರ್ ಸ್ಪೀಕರ್‌ಗೆ 80 ಹರ್ಟ್ಜ್‌ನಲ್ಲಿ 'ಹೈ ಪಾಸ್', ಸಬ್‌ವೂಫರ್‌ಗೆ 80 ಹರ್ಟ್ಜ್‌ನಲ್ಲಿ 'ಲೋ ಪಾಸ್' ಇಟ್ಟು, ಅಲ್ಲಿಂದ ಕಿವಿಗೆ ಹಿತವಾಗುವಂತೆ ಚೂರುಪಾರು ಬದಲಿಸಿಕೊಳ್ಳಬಹುದು.

ವಾರಂಟಿ, ವಿಮೆ ಮತ್ತು ಕಾನೂನು

ಕಾರಿನ ಮೂಲ ವೈರ್ ಕತ್ತರಿಸಿದರೆ ವಿದ್ಯುತ್ ಭಾಗಗಳ ವಾರಂಟಿಗೆ ಕಂಪನಿ ತಕರಾರು ತೆಗೆಯಬಹುದು. ಕತ್ತರಿಸದೆ ಸೇರಿಸುವ, ನಿಮ್ಮ ಕಾರಿನ ಮಾದರಿಗೇ ತಯಾರಾದ ಕಪ್ಲರ್ ಸಿಗುತ್ತದೆಯೇ ಎಂದು ಕೇಳಿ. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಸಾಮಾನ್ಯ ಕಾರ್ ವಿಮೆ ತಾನಾಗಿ ಅನ್ವಯಿಸುವುದಿಲ್ಲ. ಅವುಗಳ ಬೆಲೆ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ, 'ಐಎಂಟಿ 24' ಎಂಬ ಸೇರ್ಪಡೆ ಪಡೆಯಬೇಕು. ಅದಕ್ಕೆ ಬಿಲ್ ಬೇಕೇ ಬೇಕು.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಹೌಸಿಂಗ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ರಾತ್ರಿ ಸಬ್‌ವೂಫರ್ ಪರೀಕ್ಷಿಸುವವರು ಇದನ್ನು ಮರೆಯಬಾರದು. ಕಿವಿಗೂ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ.

ದುಡ್ಡು ಕೊಡುವ ಮುನ್ನ ಕೇಳಬೇಕಾದ ಆರು ಪ್ರಶ್ನೆ

1. 4 ಓಮ್‌ಗೆ, 14.4 ವೋಲ್ಟ್‌ನಲ್ಲಿ ಪ್ರತಿ ಚಾನೆಲ್ ಆರ್‌ಎಂಎಸ್ ವಾಟ್ ಎಷ್ಟು?
2. ಆಂಪ್ಲಿಫೈಯರ್ ಮೇಲಿನ ಫ್ಯೂಸ್‌ಗಳ ಒಟ್ಟು ಆಂಪಿಯರ್ ಆ ವಾಟ್‌ಗೆ ಹೊಂದುತ್ತದೆಯೇ?
3. ಬ್ರಿಡ್ಜ್ ಮಾಡಿದಾಗ ಕನಿಷ್ಠ ಎಷ್ಟು ಓಮ್ ತಡೆಯುತ್ತದೆ? ಸಬ್‌ವೂಫರ್ ಅದಕ್ಕೆ ಹೊಂದುತ್ತದೆಯೇ?
4. ಕಂಪನಿ ಸ್ಟೀರಿಯೋಗೆ ಬೇಕಾದ ಹೈ ಲೆವೆಲ್ ಇನ್‌ಪುಟ್ ಇದೆಯೇ?
5. ವೈರ್ ಕಿಟ್ ತಾಮ್ರದ್ದೇ? ಬ್ಯಾಟರಿ ಪಕ್ಕದ ಫ್ಯೂಸ್ ಅದರಲ್ಲಿ ಸೇರಿದೆಯೇ?
6. ಜಿಎಸ್‌ಟಿ ಬಿಲ್, ಕಂಪನಿ ವಾರಂಟಿ ಕಾರ್ಡ್ ಕೊಡುತ್ತೀರಾ?

ಮೊದಲ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಆ ಡಬ್ಬವನ್ನು ಅಲ್ಲೇ ಬಿಟ್ಟು ಪಕ್ಕದ ಅಂಗಡಿಗೆ ಹೋಗುವುದು ಒಳಿತು. ಎಲ್ಲದಕ್ಕೂ ಉತ್ತರ ಸಿಕ್ಕಿ, ಬಜೆಟ್ ಮಾತ್ರ ಸಾಲದಿದ್ದರೆ 5 ಚಾನೆಲ್ ಬದಲು ಒಳ್ಳೆಯ 4 ಚಾನೆಲ್ ಕೊಂಡು ಮುಂದಿನ ಎರಡು ಸ್ಪೀಕರ್‌ನಿಂದ ಶುರು ಮಾಡಿ. ಸಬ್‌ವೂಫರನ್ನು ಮುಂದೆ ಉಳಿದ ಎರಡು ಚಾನೆಲ್‌ಗೆ ಸೇರಿಸಿಕೊಳ್ಳಬಹುದು.